ಸಾರಾಂಶದಲ್ಲಿ ಇಲ್ಲದ ಸಾಲುಗಳು

ಬೆಳಗ್ಗೆ ಒಂಬತ್ತೂಕಾಲಿಗೆ ನಾನು ರಾಮನಗರದ ಕಂದಾಯ ಕಚೇರಿ ಮುಟ್ಟುವಷ್ಟರಲ್ಲಿ ಮೇಜಿನ ಮೇಲೆ ಎಂಟು ಪತ್ರಿಕೆ ಬಿದ್ದಿರುತ್ತಿದ್ದವು. ಐದು ಕನ್ನಡ, ಮೂರು ಇಂಗ್ಲಿಷ್. ನಮ್ಮ ಜಿಲ್ಲೆಗೆ ಸಂಬಂಧಪಟ್ಟದ್ದನ್ನೆಲ್ಲ ಕತ್ತರಿಸಬೇಕು, ಬಿಳಿ ಹಾಳೆಗೆ ಅಂಟಿಸಬೇಕು, ಅಂಚಿನಲ್ಲಿ ಪತ್ರಿಕೆಯ ಹೆಸರು, ತಾರೀಖು, ಪುಟ ಬರೆಯಬೇಕು. ಇಂಗ್ಲಿಷ್ ತುಣುಕಾದರೆ ಅದರ ಕೆಳಗೆ ನಾಲ್ಕೈದು ಸಾಲಿನ ಕನ್ನಡ ಸಾರಾಂಶ. ಹತ್ತೂವರೆಯೊಳಗೆ ಕಡತ ಸಾಹೇಬರ ಮೇಜಿನ ಮೇಲಿರಬೇಕು. ಅವರು ಓದಿ, ಪ್ರತಿ ಹಾಳೆಯ ಬಲತುದಿಯಲ್ಲಿ ‘ನೋಡಿದೆ’ ಎಂದು ಬರೆದು ಚಿಕ್ಕ ಸಹಿ ಹಾಕುತ್ತಿದ್ದರು. ಇಷ್ಟೇ ಕೆಲಸ. ಕತ್ತರಿ, ಗೋಂದು, ಪೆನ್ನು. ಇಷ್ಟರಲ್ಲಿ ಒಬ್ಬ ಮನುಷ್ಯನ ಅನ್ನಕ್ಕೆ ಸಂಚಕಾರ ಬರಬಹುದೆಂದು ನನಗೆ ಹೊಳೆದಿರಲಿಲ್ಲ.

ಸಾಹೇಬರು ಉಯ್ಯಂಬಳ್ಳಿ ಕಡೆಯವರು. ಕನ್ನಡ ಶಾಲೆಯಲ್ಲಿ ಓದಿ, ಗುಮಾಸ್ತರಾಗಿ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿಯಿತ್ತು. ಸರ್ಕಾರಿ ಇಂಗ್ಲಿಷ್ ಅವರಿಗೆ ನೀರು ಕುಡಿದಷ್ಟು ಸಲೀಸು. ತೊಡಕಾಗುತ್ತಿದ್ದುದು ರಾಜಕೀಯ ಅಂಕಣಗಳು. “ಆರ್ಡರ್ ಕಾಪಿ ಕೊಡು, ಕಣ್ಮುಚ್ಕೊಂಡು ಓದ್ತೀನಿ. ಈ ಕಾಲಂ ಬರೆಯೋರು ಅವ್ರೆ ನೋಡು, ಇವ್ರು ಒಂದು ಮಾತ್ನೂ ನೆಟ್ಟಗೆ ಆಡಾಕಿಲ್ಲ ಕಣಮ್ಮ” ಎನ್ನುತ್ತಿದ್ದರು.

ಆ ಕೆಲಸವನ್ನು ನನಗೆ ವಹಿಸಿದಾಗ ನಮ್ಮ ಸೂಪರಿಂಟೆಂಡೆಂಟರು ಮುಖ ಹುಳ್ಳಗೆ ಮಾಡಿಕೊಂಡರು. ಅವರು ಚನ್ನಪಟ್ಟಣದವರು, ನಿಯಮಗಳನ್ನು ಅರೆದು ಕುಡಿದವರು.

“ಸಾ, ಈಯಮ್ಮ ಕನ್ನಡ ಎಂಎ. ಇಂಗ್ಲಿಷ್ ತುಣುಕ್ನ ಇವ್ರ ಕೈಗೆ ಕೊಟ್ಟು, ನಾಳೆ ಏನಾರ ಎಡವಟ್ಟಾದ್ರೆ?”

“ಕಲ್ತ್ಕತಾಳೆ ಬುಡ್ರಿ” ಎಂದರು ಸಾಹೇಬರು. ಅಷ್ಟೇ ಆದೇಶ. ಕಾಗದದ ಮೇಲೆ ಏನೂ ಇಲ್ಲ.

ಕಲಿಯಲು ಹೊರಟವಳು ಎರಡನೇ ವಾರದಲ್ಲೇ ಮುಗ್ಗರಿಸಿದೆ. ಒಬ್ಬ ಹಿರಿಯ ಮುಖಂಡರನ್ನು ಮಹಡಿಗೆ ಒದ್ದರು ಎಂಬಂಥ ಮಾತು ಒಂದು ಅಂಕಣದಲ್ಲಿತ್ತು. ನಿಘಂಟು ನೋಡಿದೆ, ‘ಮೇಲಿನ ಹುದ್ದೆ ಕೊಡುವುದು’ ಎಂದಿತ್ತು. ‘ಬಡ್ತಿ ದೊರೆತಿದೆ’ ಎಂದು ಬರೆದೆ. ಸೂಪರಿಂಟೆಂಡೆಂಟರು ಸಾಹೇಬರ ಹೆಸರಿನಲ್ಲಿ ಅಭಿನಂದನಾ ಪತ್ರ ಟೈಪ್ ಮಾಡಿಸಿ, ಹಾರಕ್ಕೂ ಹೇಳಿಬಿಟ್ಟಿದ್ದರು. ಅಷ್ಟರಲ್ಲಿ ಆ ಮುಖಂಡರು ಕಣ್ಣೊರೆಸಿಕೊಳ್ಳುವ ಫೋಟೊ ಕನ್ನಡ ಪತ್ರಿಕೆಯಲ್ಲಿ ಬಂತು. ಅವರನ್ನು ಅಧಿಕಾರವಿಲ್ಲದ ದೊಡ್ಡ ಕುರ್ಚಿಗೆ ಸಾಗಹಾಕಿದ್ದರು. ಫೋನಿನ ಅನುವಾದಕದಲ್ಲಾದರೂ ಹಾಕಿ ನೋಡಬಾರದಿತ್ತೇ ಎಂದು ಬೈಸಿಕೊಂಡೆ. ಹಾಕಿದೆ. ‘ಅವರನ್ನು ಮೇಲಿನ ಅಂತಸ್ತಿನಲ್ಲಿ ಒದೆಯಲಾಗಿದೆ’ ಎಂದು ಅದು ಪೊಲೀಸ್ ಕೇಸಿನ ಧಾಟಿಯಲ್ಲಿ ಹೇಳಿತು. ಹಾರ ವಾಪಸ್ಸಾಯಿತು, ಜೊತೆಗೆ ನನ್ನ ಮಾನವೂ.

ಅಂದು ಒಂದು ಉದ್ದನೆಯ ನೋಟ್‌ಬುಕ್ ತಂದು ಗೆರೆ ಎಳೆದೆ. ತಾರೀಖು, ಮಾತು, ಯಾರ ಬಗ್ಗೆ, ನಿಘಂಟು ಏನನ್ನುತ್ತದೆ. ಕೊನೆಯಲ್ಲಿ ಒಂದು ಅಗಲವಾದ ಜಾಗ ಬಿಟ್ಟು ಮೇಲೆ ‘ಆಮೇಲೆ ಏನಾಯಿತು’ ಎಂದು ಬರೆದೆ. ಒಂದು ಮಾತು ಸಿಕ್ಕಿದ ದಿನ ಆ ಜಾಗ ಖಾಲಿ. ಹದಿನೈದು ದಿನ, ಒಂದು ತಿಂಗಳು ಕಾಯುತ್ತಿದ್ದೆ. ಆ ಮನುಷ್ಯನಿಗೆ ಏನಾಯಿತೆಂದು ಪತ್ರಿಕೆಯಲ್ಲಿ ಬಂದ ಮೇಲೆ ತುಂಬುತ್ತಿದ್ದೆ. ನಿಘಂಟು ಹೇಳದ ಅರ್ಥ ಅಲ್ಲಿ ಸಿಗುತ್ತಿತ್ತು. ಕಡತವನ್ನು ಉದ್ದ ಹುಲ್ಲಿನೊಳಕ್ಕೆ ಒದ್ದರು ಎಂದರೆ ಸಮಿತಿ ರಚನೆಯಾಯಿತು, ಆಮೇಲೆ ಸುದ್ದಿಯಿಲ್ಲ. ಮುಖಂಡರ ಮೇಲೆ ವರಿಷ್ಠರಿಗೆ ಪೂರ್ಣ ವಿಶ್ವಾಸವಿದೆ ಎಂದರೆ ಇಪ್ಪತ್ತು ದಿನದಲ್ಲಿ ರಾಜೀನಾಮೆ. ಒಬ್ಬ ಅಧಿಕಾರಿಯನ್ನು ಒಣಗಲು ನೇತುಹಾಕಿದ್ದಾರೆ ಎಂದರೆ ಅವರ ಪರವಾಗಿ ಯಾರೂ ಬಾಯಿ ಬಿಡಲಿಲ್ಲ, ಅಮಾನತು.

ಒಂದು ವರ್ಷ ಕಳೆಯುವಷ್ಟರಲ್ಲಿ ಆ ಕೊನೆಯ ಜಾಗವನ್ನು ಮೇಲಿನಿಂದ ಕೆಳಗೆ ಓದಲು ನನಗೇ ಹಿಂಜರಿಕೆಯಾಗತೊಡಗಿತು. ರಾಜೀನಾಮೆ, ವರ್ಗಾವಣೆ, ದಾಳಿ, ಅಮಾನತು, ‘ಸುದ್ದಿಯಿಲ್ಲ’. ಒಳ್ಳೆಯದಾಯಿತು ಎಂದು ತುಂಬಿದ್ದು ಎರಡೇ ಎರಡು ಸಲ.

ಆದರೂ ಒಳಗೊಳಗೇ ಹೆಮ್ಮೆ. ಇಂಗ್ಲಿಷರ ಈ ಬಳಸುಮಾತು ನನಗೆ ಅಷ್ಟೇನೂ ಪರಕೀಯವಲ್ಲ ಅನ್ನಿಸಿತು. ಸಾತನೂರಿನ ಹತ್ತಿರದ ನಮ್ಮ ಮನೆಯಲ್ಲಿ ಅವ್ವ ಇಂದಿಗೂ ದೀಪ ಆರಿಸು ಅನ್ನುವುದಿಲ್ಲ, ‘ದೀಪ ದೊಡ್ಡದು ಮಾಡವ್ವ’ ಅನ್ನುತ್ತಾಳೆ. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅಂದರೆ ಗದರುತ್ತಾಳೆ, ‘ಬತ್ತೀನಿ’ ಅನ್ನಬೇಕು. ಕೆಟ್ಟದ್ದನ್ನು ಬಾಯಿಂದ ಆಡಬಾರದು ಅಂತ ನಮ್ಮವರು ಹಾಗೆ ಆಡುತ್ತಾರೆ. ಅಂಕಣದವರು ಕೆಟ್ಟದ್ದನ್ನು ಆಡಲೆಂದೇ ಹಾಗೆ ಆಡುತ್ತಾರೆ. ಈ ವ್ಯತ್ಯಾಸ ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಂದೆ ನಾನು ಮಾಡಿದ ಕೆಲಸಕ್ಕೆ ಕ್ಷಮೆಯಿಲ್ಲ.

ಸಾವನದುರ್ಗದ ಕೆಳಗಿನ ಕೆಲವು ಹಳ್ಳಿಗಳ ಗೋಮಾಳವನ್ನು, ಅಂದರೆ ದನ ಮೇಯಲೆಂದು ಬಿಟ್ಟ ಸರ್ಕಾರಿ ಜಮೀನನ್ನು, ಮತ್ತೆ ಅಳೆಯುವ ಕೆಲಸ ನಮ್ಮ ಕಚೇರಿಗೆ ಬಂತು. ಅಲ್ಲಿ ಬೇಲಿ ಸರಿದಿದ್ದವು, ಒಂದೆರಡು ಕಡೆ ಕಲ್ಲಿನ ಕಾಂಪೌಂಡ್ ಎದ್ದಿತ್ತು. ಎಲ್ಲಕ್ಕಿಂತ ಉದ್ದದ್ದು ಒಂದು ರೆಸಾರ್ಟಿನದು. ಅದನ್ನು ಕೆಡವಿಬಿಡಿ ಎಂದು ಮೇಲಿನವರು ಸಾಹೇಬರನ್ನು ಫೋನಿನಲ್ಲೇ ಹುರಿದುಂಬಿಸುತ್ತಿದ್ದರು. ಆ ಮಾಗಡಿ ಹಳ್ಳಿಗಳ ರೈತರು ಬಂದು, “ನಮ್ಮ ದನಕ್ಕೆ ಕಾಲಿಕ್ಕಾಕೆ ಜಾಗಿಲ್ಲ ಸಾಮಿ, ನೀವಾದ್ರೂ ಕಣ್ಬುಡಿ” ಎಂದು ಕೈ ಮುಗಿದಿದ್ದರು. ಸಾಹೇಬರಿಗೆ ಅದು ತಮ್ಮ ಊರಿನದೇ ಕೆಲಸ ಅನ್ನಿಸಿತ್ತು.

ಇಂಗ್ಲಿಷ್ ಪತ್ರಿಕೆಗಳಲ್ಲಿ ಆ ಅಳತೆಯ ಬಗ್ಗೆ ಅಂಕಣಗಳು ಶುರುವಾದವು. ಮೊದಲನೆಯದರಲ್ಲೇ ‘ಟ್ರಯಲ್ ಬಲೂನ್’ ಎಂಬ ಮಾತಿತ್ತು. ನೋಟ್‌ಬುಕ್ಕಿನಲ್ಲಿ ಅದು ಆಗಲೇ ನಾಲ್ಕು ಸಲ ಬಂದಿತ್ತು. ಗಾಳಿ ಯಾವ ಕಡೆಗಿದೆ ಎಂದು ನೋಡಲು ಮೇಲಿನವರು ಬಲೂನು ಹಾರಿಸುತ್ತಾರೆ, ಗಾಳಿ ಎದುರಾದರೆ ದಾರ ಬಿಟ್ಟುಬಿಡುತ್ತಾರೆ. ಸಾರಾಂಶದಲ್ಲಿ ಬರೆದೆ: ‘ವಿರೋಧ ಹೆಚ್ಚಾದರೆ ಸರ್ಕಾರ ಹಿಂದೆ ಸರಿಯಬಹುದು, ಆಗ ಹೊಣೆ ಸ್ಥಳೀಯ ಅಧಿಕಾರಿಯ ಮೇಲೆ ಬೀಳಬಹುದು ಎಂದು ಲೇಖಕರ ಅಭಿಪ್ರಾಯ.’

ಸೂಪರಿಂಟೆಂಡೆಂಟರು ಕಡತವನ್ನು ಒಳಗೆ ಕಳಿಸುವ ಮೊದಲು ತಿರುವಿ ನೋಡಿ ನನ್ನನ್ನು ಕರೆದರು. “ನೋಡಮ್ಮ, ಬೆಳಗ್ಗೆ ಬೆಳಗ್ಗೇನೇ ಸಾಹೇಬ್ರ ಮುಂದೆ ಇಂಥದ್ ಇಕ್ತಾರಾ? ಆವಯ್ಯ ಈಗ ತಾನೆ ದೇವ್ರಿಗೆ ಕೈ ಮುಗ್ದು ಬಂದವ್ರೆ. ಅವ ಯಾವನೋ ಬೆಂಗ್ಳೂರಲ್ಲಿ ಕೂತು ಬರೆದ್ನಂತೆ, ನಾವು ಅಪಶಕುನ ನುಡೀಬೇಕಂತೆ.” ಕೆಂಪು ಪೆನ್ನಿನಿಂದ ಆ ಸಾಲು ಹೊಡೆದು, ಹೊಸ ಹಾಳೆಯಲ್ಲಿ ಬರೆದು ತರಲು ಹೇಳಿದರು.

ಅವರು ಹೊಡೆದದ್ದು ಅದೊಂದೇ ಸಲ. ಮುಂದಿನ ತುಣುಕಿನಿಂದ ಅಂಥ ಸಾಲುಗಳನ್ನು ನಾನೇ ಬಿಡತೊಡಗಿದೆ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಬೈಸಿಕೊಳ್ಳುವುದು ತಪ್ಪಿತು, ಹತ್ತೂವರೆಗೆ ಕಡತ ಸರಾಗವಾಗಿ ಒಳಗೆ ಹೋಗತೊಡಗಿತು. ಅಧಿಕಾರಿಯ ವಿರುದ್ಧ ಕತ್ತಿಗಳು ಒರೆಯಿಂದ ಹೊರಬಂದಿವೆ ಎಂದಿದ್ದಲ್ಲಿ ‘ಪರ ವಿರೋಧ ಚರ್ಚೆ ನಡೆದಿದೆ’ ಎಂದು ಬರೆದೆ. ಮುಖಂಡರು ಯಾವ ಕಡೆಗೂ ಇಳಿಯದೆ ಬೇಲಿಯ ಮೇಲೆ ಕೂತಿದ್ದಾರೆ ಎಂದಿದ್ದಲ್ಲಿ ‘ಸಮತೋಲನದ ನಿಲುವು’ ಎಂದೆ. ನೋಟ್‌ಬುಕ್ಕಿನಲ್ಲಿ ಮಾತ್ರ ಎಲ್ಲವನ್ನೂ ಬರೆದಿಟ್ಟುಕೊಂಡೆ. ಕೆಂಪು ಪೆನ್ನಿನದೂ ಸೇರಿ ಎರಡು ತಿಂಗಳಲ್ಲಿ ಹಾಗೆ ಬಿಟ್ಟ ಸಾಲುಗಳು ಹದಿನಾಲ್ಕು.

ಹದಿನಾಲ್ಕನೆಯದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಕೂಸನ್ನು ಕೈಯಲ್ಲಿ ಹಿಡಿದು ನಿಲ್ಲುವವನು ಈ ಅಧಿಕಾರಿಯೇ ಎಂದು ಅಂಕಣಕಾರ ಬರೆದಿದ್ದ. ಆ ಮಾತು ನನಗೆ ಹೊಸದು. ನಿಘಂಟು ತೆಗೆಯುವ ಅಗತ್ಯ ಬೀಳಲಿಲ್ಲ. ಸಾತನೂರಿನ ಬಸ್ಸಿನಲ್ಲಿ ರಶ್ಶಿದ್ದರೆ, ನಿಂತ ಹೆಂಗಸು ಕೂತವರ ತೊಡೆಯ ಮೇಲೆ ಮಗುವನ್ನು ಕೂರಿಸುತ್ತಾಳೆ. ಗುರುತು ಪರಿಚಯ ಬೇಕಿಲ್ಲ. ಅಂದು ಬೆಳಗ್ಗೆಯೂ ನನ್ನ ತೊಡೆಯ ಮೇಲೊಂದು ಮಗುವಿತ್ತು, ಕನಕಪುರದಲ್ಲಿ ತಾಯಿ ಎತ್ತಿಕೊಂಡು ಇಳಿದಿದ್ದಳು. ಅವಳು ಎತ್ತಿಕೊಳ್ಳದೆ ಇಳಿದುಬಿಟ್ಟಿದ್ದರೆ? ಬಸ್ಸು ಹೊರಟುಬಿಟ್ಟಿದ್ದರೆ? ನೋಡುವವರೆಲ್ಲ ಮಗು ನನ್ನದೇ ಅನ್ನುತ್ತಿದ್ದರು. ಆ ಯೋಚನೆ ಬಂದದ್ದೇ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟೆ.

ಅದೇ ಅಂಕಣದ ಕೊನೆಯಲ್ಲಿ ಇನ್ನೊಂದು ಮಾತಿತ್ತು. ಈ ಅಧಿಕಾರಿಗೆ ಲಿಖಿತವಾಗಿ ಯಾರಾದರೂ ಏನಾದರೂ ಕೊಟ್ಟಿದ್ದಾರೆಯೇ ಎಂದು ಲೇಖಕ ಕೇಳಿದ್ದ. ಕೊಟ್ಟಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಮಾರನೆಯ ದಿನ ಸಾಹೇಬರು ಜೆಸಿಬಿ ತೆಗೆದುಕೊಂಡು ಮಾಗಡಿಗೆ ಹೋಗುವುದಿತ್ತು.

ಹತ್ತು ಇಪ್ಪತ್ತರವರೆಗೆ ಪೆನ್ನು ಹಿಡಿದು ಕೂತೆ. ಆಮೇಲೆ ಬರೆದೆ: ‘ಅಳತೆ ಕಾರ್ಯದ ಬಗ್ಗೆ ಚರ್ಚೆ ಮುಂದುವರಿದಿದೆ. ಸಂಬಂಧಿಸಿದ ಅಧಿಕಾರಿಯ ಪ್ರಾಮಾಣಿಕತೆಯನ್ನು ಲೇಖಕರು ಉಲ್ಲೇಖಿಸಿದ್ದಾರೆ.’ ಸುಳ್ಳಲ್ಲ. ಲೇಖಕ ಆ ಮಾತನ್ನೂ ಬರೆದಿದ್ದ, ಕೂಸಿನ ಮಾತಿಗೆ ಮುಂಚೆ.

ಬೇರೆ ಕಾಗದಕ್ಕೆಂದು ಒಳಗೆ ಹೋದಾಗ ಸಾಹೇಬರು ಸಹಿ ಹಾಕುತ್ತಿದ್ದರು. ತಲೆ ಎತ್ತಿ ನಕ್ಕರು. “ನೋಡ್ದಾ, ಇಂಗ್ಲಿಷ್ ಪೇಪರ್ನೋರೂ ಒಸಿ ಹೊಗಳವ್ರೆ.”

ಆಗಲೂ ಹೇಳಬಹುದಿತ್ತು. ಬಾಗಿಲಲ್ಲಿ ಸೂಪರಿಂಟೆಂಡೆಂಟರಿರಲಿಲ್ಲ, ಕೋಣೆಯಲ್ಲಿ ನಾವಿಬ್ಬರೇ. ಹೊರಡುವ ಮನುಷ್ಯನಿಗೆ ಕೆಟ್ಟದ್ದು ಆಡುವುದು ಹೇಗೆ ಎಂದು ನಾಲಿಗೆ ಹಿಡಿಯಿತು. “ಹೌದು ಸಾ” ಎಂದೆ. ಈ ಮೂರು ಅಕ್ಷರಕ್ಕೆ ನನ್ನ ಮೇಲೆ ನನಗೆ ಈಗಲೂ ಅಸಹ್ಯವಿದೆ.

ರೆಸಾರ್ಟಿನ ಕಾಂಪೌಂಡ್ ಬಿತ್ತು. ರೈತರು ಸಾಹೇಬರಿಗೆ ಎಳನೀರು ಕೊಟ್ಟು ಕಳಿಸಿದರಂತೆ. ದಿನಕ್ಕೆ ಹತ್ತು ಸಲ ಬಡಿದುಕೊಳ್ಳುತ್ತಿದ್ದ ಅವರ ಫೋನು ಮರುದಿನ ಒಂದು ಸಲವೂ ಬಡಿಯಲಿಲ್ಲ. ಅವರೇ ಮಾಡಿದರೆ ಅತ್ತ ಕಡೆ ಎತ್ತುವವರಿಲ್ಲ. ಮೂರನೇ ದಿನ ಊಟಕ್ಕೆ ಕರೆದರೂ ಸಹೋದ್ಯೋಗಿ ಅಧಿಕಾರಿಗಳು ಅವರ ಜೊತೆ ಕೂರಲಿಲ್ಲ. ‘ಸರ್ಕಾರದ ಗಮನಕ್ಕೆ ಬಾರದೆ ನಡೆದಿದೆ’ ಎಂಬ ಹೇಳಿಕೆ ಕನ್ನಡ ಪತ್ರಿಕೆಗಳಲ್ಲಿ ಬಂತು. ಅದನ್ನೂ ಕತ್ತರಿಸಿ ಅಂಟಿಸಿದೆ. ಅದಕ್ಕೆ ಸಾರಾಂಶ ಬೇಕಿರಲಿಲ್ಲ. ನಾಲ್ಕನೇ ದಿನ ಅಮಾನತಿನ ಆದೇಶ ಬಂತು, ಅದು ಮಾತ್ರ ಬಲು ಸ್ಪಷ್ಟವಾಗಿ ಲಿಖಿತದಲ್ಲಿತ್ತು. ಅದೇ ಸಂಜೆ ನನ್ನ ತುಣುಕುಗಳ ಕಡತಕ್ಕೆ ಅರಗಿನ ಮುದ್ರೆ ಹಾಕಿ ಒಯ್ದರು.

ಕಡತ ಯಾಕೆ ಒಯ್ದರೆಂದು ದೋಷಾರೋಪ ಪಟ್ಟಿ ಬಂದಾಗ ತಿಳಿಯಿತು. ಮೊದಲನೆಯ ಆರೋಪ, ಲಿಖಿತ ಆದೇಶವಿಲ್ಲದೆ ತೆರವು ಮಾಡಿದ್ದು. ಎರಡನೆಯದು, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಎಚ್ಚರಿಕೆಯನ್ನು ನೋಡಿ, ‘ನೋಡಿದೆ’ ಎಂದು ಸಹಿ ಹಾಕಿಯೂ ಮೇಲಧಿಕಾರಿಗಳನ್ನು ಕೇಳದೆ ಮುಂದುವರಿದದ್ದು. ಹದಿನಾಲ್ಕು ಹಾಳೆ, ಹದಿನಾಲ್ಕು ಸಹಿ. ಮೂರನೆಯದು, ಇಂಗ್ಲಿಷ್ ಬಾರದ ಗುಮಾಸ್ತೆಗೆ ಬಾಯಿಮಾತಿನಲ್ಲಿ ಆ ಕೆಲಸ ಒಪ್ಪಿಸಿದ್ದು. ಸಾಬೀತಾದರೆ ವಜಾ, ಪಿಂಚಣಿಯಿಲ್ಲ. ಸಾಕ್ಷಿ ಹೇಳಲು ನನಗೂ ನೋಟಿಸು ಬಂತು.

ಸೂಪರಿಂಟೆಂಡೆಂಟರು ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಅವರ ದನಿ ಇಳಿದಿತ್ತು. “ಇಂಗ್ಲಿಷ್ ಅರ್ಥ ಆಗ್ಲಿಲ್ಲ ಅಂತ ಬರ್ಕೊಟ್ಬುಡಮ್ಮ. ಕನ್ನಡ ಎಂಎ ನೀನು, ಯಾರೂ ಅನುಮಾನ ಪಡಾಕಿಲ್ಲ. ಒಂದು ಎಚ್ಚರಿಕೆ ಕೊಟ್ಟು ಬುಟ್ಬುಡ್ತಾರೆ. ಆ ಕೆಂಪು ಪೆನ್ನಿನ ಹಾಳೆ ಹರ್ದಾಕಿದ್ಯಾ?” ಹರಿದುಹಾಕಿದ್ದೆ. ಅವರಿಗೆ ನಿರಾಳವಾಯಿತು.

ಅವರ ಉಪಾಯ ಕೇಳಲು ಸರಿಯಾಗಿಯೇ ಇತ್ತು. ಪಟ್ಟಿಯನ್ನು ಇನ್ನೊಮ್ಮೆ ಓದಿದಾಗ ಅದರೊಳಗಿನ ಕೊಕ್ಕೆ ಕಂಡಿತು. ನನಗೆ ಅರ್ಥವಾಗಲಿಲ್ಲ ಎಂದರೆ ನಾನು ಪಾರು, ಅದೇ ಮಾತಿನಿಂದ ಮೂರನೆಯ ಆರೋಪ ಸಾಬೀತು. ಬಾರದವಳಿಗೆ ಕೆಲಸ ಕೊಟ್ಟವರು ಸಾಹೇಬರು. ಅರ್ಥವಾಗಿತ್ತು ಎಂದರೆ ಎರಡನೆಯದೂ ಮೂರನೆಯದೂ ಅವರ ಮೇಲಿಂದ ಇಳಿದು ನೇರ ನನ್ನ ತಲೆಯ ಮೇಲೆ ಬೀಳುತ್ತವೆ. ಇದಕ್ಕೆ ನಡುವಿನ ದಾರಿಯಿರಲಿಲ್ಲ.

ಭಾನುವಾರ ಕನಕಪುರದಲ್ಲಿದ್ದ ಸಾಹೇಬರ ಮನೆಗೆ ಹೋದೆ. ಅವರು ಬನಿಯನ್ನಿನಲ್ಲಿ ಹಜಾರದಲ್ಲಿ ಕೂತಿದ್ದರು, ಕ್ಷೌರ ಮಾಡಿಕೊಂಡಿರಲಿಲ್ಲ. ಅವರ ಹೆಂಡತಿ ಮಜ್ಜಿಗೆ ತಂದಿಟ್ಟರು. ನಾನು ನೋಟ್‌ಬುಕ್ ತೆಗೆದು ಬಿಟ್ಟ ಸಾಲುಗಳನ್ನು ಒಂದೊಂದಾಗಿ ಓದಿ, ಒಂದೊಂದಕ್ಕೂ ಅರ್ಥ ಹೇಳಿದೆ. ಕೂಸಿನ ಮಾತನ್ನು ಕೊನೆಗೆ ಓದಿದೆ.

“ಅವತ್ತೇ ಗೊತ್ತಿತ್ತಾ ನಿಂಗೆ?” ಎಂದರು.

“ಗೊತ್ತಿತ್ತು ಸಾ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಅಂದರು. “ಅವತ್ತು ಒಂದ್ಮಾತು ಆಡಿದ್ರೆ ನಿನ್ ಗಂಟೇನವ್ವ ಹೋಗ್ತಿತ್ತು? ಮಗ್ಳು ಅಂತಿದ್ರಲ್ಲವ್ವ ನಿನ್ನ.” ನನ್ನ ಮುಂದಿದ್ದ ಮಜ್ಜಿಗೆಯ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಅದಕ್ಕೆ ತಕ್ಕವಳೇ.

ಹೊರಡುವಾಗ ಸಾಹೇಬರು ಬಾಗಿಲವರೆಗೆ ಬಂದರು. “ಅರ್ಥ ಆಗ್ಲಿಲ್ಲ ಅಂತ್ಲೇ ಬರ್ಕೊಡು. ನಂದು ಮುಗೀತಾ ಬಂತು. ನಿಂಗೆ ಇನ್ನೂ ಇಪ್ಪತ್ತೈದು ವರ್ಸ ಸರ್ವೀಸೈತೆ” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಬಸ್‌ಸ್ಟ್ಯಾಂಡಿನವರೆಗೂ ಅಳುತ್ತಲೇ ನಡೆದೆ.

ಬುಧವಾರ ಹನ್ನೊಂದಕ್ಕೆ ವಿಚಾರಣೆ. ತನಿಖಾಧಿಕಾರಿಗಳು ಬೆಂಗಳೂರಿನಿಂದ ಬಂದಿದ್ದರು, ಮೃದುವಾದ ಮಾತಿನವರು. ಪಕ್ಕದಲ್ಲಿ ಒಬ್ಬರು ಟೈಪಿಸ್ಟ್. ಹೆಸರು, ಹುದ್ದೆ, ವಿದ್ಯಾರ್ಹತೆ ಕೇಳಿದರು. ಕನ್ನಡ ಎಂಎ ಎಂದ ಕೂಡಲೇ ಅವರ ಮುಖ ಹಗುರವಾಯಿತು. ನನ್ನನ್ನು ಮುಂದೆ ಕೇಳದೆ ಟೈಪಿಸ್ಟ್ ಕಡೆ ತಿರುಗಿ ಹೇಳತೊಡಗಿದರು: “ಭಾಷಾಜ್ಞಾನದ ಕೊರತೆಯಿಂದ ಸದರಿ ಲೇಖನಗಳ ಅರ್ಥ ನನ್ನ ಗ್ರಹಿಕೆಗೆ ಬಂದಿರುವುದಿಲ್ಲ...”

“ಬಂದಿತ್ತು ಸಾರ್” ಎಂದೆ.

ಕೀಲಿಗಳ ಸದ್ದು ನಿಂತಿತು. ನೋಟ್‌ಬುಕ್ಕನ್ನು ಅವರ ಮುಂದಿಟ್ಟೆ. ಪುಟ ತಿರುವಿದರು. ಕೊನೆಯ ಜಾಗದಲ್ಲಿದ್ದುದನ್ನು ಓದುತ್ತ ಓದುತ್ತ ಅವರ ಬೆರಳು ನಿಧಾನವಾಯಿತು. ಕೆಲವು ಹೆಸರುಗಳು ಅವರಿಗೆ ಪರಿಚಯದವರದ್ದೇ ಇರಬೇಕು. ಪುಸ್ತಕ ಮುಚ್ಚಿ, ಬ್ಯಾಗಿನಿಂದ ಅಂದಿನ ಇಂಗ್ಲಿಷ್ ಪತ್ರಿಕೆ ತೆಗೆದು ಒಂದು ಅಂಕಣವನ್ನು ನನ್ನ ಕಡೆ ತಿರುಗಿಸಿದರು. ಈ ವಿಚಾರಣೆಯ ಬಗ್ಗೆಯೇ ಇತ್ತು. ಸರ್ಕಾರ ಇದನ್ನು ಒಂದು ಜೊತೆ ಭದ್ರವಾದ ಕೈಗಳಿಗೆ ಒಪ್ಪಿಸಿದೆ ಎಂಬ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿತ್ತು.

“ಮನೆಯಲ್ಲಿ ಎಲ್ಲರೂ ಖುಷಿಪಟ್ಟರು. ನೀವೇನಂತೀರಿ?” ಎಂದರು.

ನನ್ನ ನೌಕರಿ ಅವರ ಪೆನ್ನಿನ ತುದಿಯಲ್ಲಿತ್ತು.

“ಹೊಗಳಿಕೆ ಅಲ್ಲ ಸಾರ್. ನೀವು ಯಾರಿಗೂ ತೊಂದರೆ ಆಗದ ಹಾಗೆ ವರದಿ ಕೊಡ್ತೀರಿ ಅಂತ ಅವರಿಗೆ ಧೈರ್ಯ ಇದೆ ಅಂತ. ಯಾರಿಗೂ ಅಂದರೆ ಮೇಲಿನವರಿಗೆ. ಸಾಹೇಬರು ಆ ಲೆಕ್ಕದಲ್ಲಿ ಇಲ್ಲ.”

ಅವರು ಪತ್ರಿಕೆಯನ್ನು ಮಡಚಿದರು. ಟೈಪಿಸ್ಟ್‌ಗೆ, “ಆ ಸಾಲು ಅಳಿಸಿ. ಇವರು ಹೇಳಿದಂತೆಯೇ ಹೊಡೆಯಿರಿ” ಎಂದರು. ನಾನು ಹೇಳಿದೆ. ಅರ್ಥವಾಗಿತ್ತು. ಹದಿನಾಲ್ಕು ಸಲ ಬಿಟ್ಟೆ. ಮೊದಲ ಸಲ ಕೆಂಪು ಪೆನ್ನಿನಲ್ಲಿ ಸಾಲು ಹೊಡೆದವರು ಯಾರು ಎಂದೂ ಹೇಳಿದೆ. ಆಮೇಲಿನವೆಲ್ಲ ನನ್ನವೇ. ಸಾಹೇಬರು ಸಹಿ ಹಾಕಿದ್ದು ನನ್ನ ಕನ್ನಡಕ್ಕೆ, ಆ ಇಂಗ್ಲಿಷಿಗಲ್ಲ.

“ಇದರ ಪರಿಣಾಮ ನಿಮಗೆ ಗೊತ್ತಿದೆ ತಾನೆ?”

“ಗೊತ್ತಿದೆ ಸಾರ್.”

ಹಾಳೆ ಹೊರಗೆ ಬಂತು. ಸಹಿಗೆಂದು ಪೆನ್ನು ಕೈಗೆ ಕೊಟ್ಟವರು ಅದನ್ನು ಬಿಡದೆ ಹಿಡಿದುಕೊಂಡೇ ಕೇಳಿದರು. “ಒಂದು ವೇಳೆ ಆ ದಿನ ನೀವು ಅವರಿಗೆ ಇದನ್ನೆಲ್ಲ ಹೇಳಿದ್ದರೆ?”

“ಮೇಲಿನವರು ಫೋನಿನಲ್ಲಿ ಹೇಳಿದ್ದಕ್ಕೆ ಲಿಖಿತ ಆದೇಶ ಕೇಳ್ತಿದ್ದರು ಸಾರ್. ಯಾರೂ ಕೊಡ್ತಿರಲಿಲ್ಲ. ಅವರು ಮಾಗಡಿಗೆ ಹೋಗ್ತಾನೇ ಇರಲಿಲ್ಲ.”

ಟೈಪಿಸ್ಟ್ ನನ್ನ ಮುಖ ನೋಡಿದರು. ತನಿಖಾಧಿಕಾರಿಗಳು ಪೆನ್ನನ್ನು ವಾಪಸ್ ತೆಗೆದುಕೊಂಡು, “ಅದನ್ನೂ ಸೇರಿಸಿ” ಎಂದರು.